ಹಾರ್ನಿಗೂ ಕೈಗೂ ನಡುವೆ

ಜೂನ್ 3, ಸೋಮವಾರ

ನಿನ್ನೆ ಈಜು ತಂಡದ ಆಯ್ಕೆಯಲ್ಲಿ ನಾವು ನಾಲ್ಕನೆಯವರಾಗಿ ಬಂದೆವು. ಮೊದಲ ಮೂವರಿಗೆ ತಂಡದಲ್ಲಿ ಜಾಗ, ನಾಲ್ಕನೆಯವರಿಗೆ ಬೆನ್ನು ತಟ್ಟಿ ಒಂದು ಸಮಾಧಾನ. ಐವತ್ತು ಮೀಟರ್ ಈಜಿದ ಮೇಲೆ ಮೂರನೆಯವಳಿಗೂ ನಮಗೂ ಒಂದು ಗೇಣಿನ ಅಂತರ. ಮಗಳು ನೀರಿನಿಂದ ತಲೆ ಎತ್ತಿ ಬೋರ್ಡ್ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಬೋರ್ಡ್ ನೋಡಿದಳು. ಹುಟ್ಟಿದಾಗಿನಿಂದ ಕಿವಿ ಕೇಳದ ಹುಡುಗಿ, ಎಲ್ಲವನ್ನೂ ಕಣ್ಣಿಂದಲೇ ಎರಡೆರಡು ಸಲ ಖಾತ್ರಿ ಮಾಡಿಕೊಳ್ಳುತ್ತಾಳೆ.

ಅವಳಿಗೆ ಸ್ಟಾರ್ಟ್ ಹಾರ್ನ್ ಕೇಳುವುದಿಲ್ಲವಾದ್ದರಿಂದ ಆರು ವರ್ಷದಿಂದ ಕೊಳದ ಅಂಚಿನಲ್ಲಿ ನಾನು ನಿಲ್ಲುತ್ತಿದ್ದೇನೆ. ಸ್ಟಾರ್ಟರ್ 'ಸಿದ್ಧ' ಅಂದಾಗ ಬಲಗೈ ಎತ್ತುತ್ತೇನೆ. ಹಾರ್ನ್ ಕೂಗಿದ ಕೂಡಲೇ ಇಳಿಸುತ್ತೇನೆ. ಅವಳು ಜಿಗಿಯುವ ಬ್ಲಾಕಿನ ಮೇಲೆ ಬಗ್ಗಿ, ಕತ್ತು ಓರೆ ಮಾಡಿ, ನನ್ನ ಕೈಯನ್ನೇ ನೋಡುತ್ತಿರುತ್ತಾಳೆ. ಕೈ ಇಳಿಯಿತೋ, ಜಿಗಿದಳು. ಅಲ್ಲಿ ಎಲ್ಲರೂ ನನ್ನನ್ನು 'ಕೈ ಅಪ್ಪ' ಅಂತಲೇ ಕರೆಯುವುದು. ಒಮ್ಮೆ ಪತ್ರಿಕೆಯವರು ಫೋಟೋ ಕೂಡ ಹಾಕಿದ್ದರು, 'ಮಗಳ ಕಿವಿಯಾದ ತಂದೆ' ಅಂತ. ಅದನ್ನು ಕತ್ತರಿಸಿ ಶೋಕೇಸಿನ ಗಾಜಿಗೆ ಅಂಟಿಸಿದ್ದು ನಾನೇ. ಬಂದವರಿಗೆಲ್ಲ ಕಾಣುವ ಎತ್ತರಕ್ಕೆ.

ನಿನ್ನೆ ಸ್ಪರ್ಧೆ ಮುಗಿದ ಮೇಲೆ ಹೊಸದಾಗಿ ಬಂದಿರುವ ಕೋಚ್ ಮೇಡಂ ನನ್ನನ್ನು ಪಕ್ಕಕ್ಕೆ ಕರೆದು ಫೋನಿನಲ್ಲಿ ವಿಡಿಯೋ ತೋರಿಸಿದರು, ನಿಧಾನಕ್ಕೆ ಓಡುವ ಹಾಗೆ ಮಾಡಿ.

"ಇಲ್ಲಿ ನೋಡಿ ಸಾರ್. ಹಾರ್ನ್ ಆಯ್ತು. ಎಲ್ರೂ ಹೊರಟ್ರು. ನಿಮ್ಮ ಕೈ ಇನ್ನೂ ಮೇಲೇ ಇದೆ. ಈಗ ಇಳೀತು. ಈಗ ಇವಳು ಹೊರಟ್ಲು."

"ನಾನು ಕೇಳಿದ ತಕ್ಷಣ ಇಳಿಸಿದೀನಿ ಮೇಡಂ."

"ತಕ್ಷಣಾನೇ ಇಳಿಸಿದೀರಿ, ನಿಮ್ಮ ತಪ್ಪಲ್ಲ. ಆದ್ರೆ ನೀವು ಕೇಳಿಸ್ಕೊಂಡು ಕೈ ಇಳಿಸೋಕೆ ಒಂದು ಚೂರು ಹೊತ್ತು ಬೇಕು. ಅದನ್ನ ನೋಡಿ ಅವಳು ಜಿಗಿಯೋಕೆ ಇನ್ನೊಂದು ಚೂರು. ಬೇರೆಯವರಿಗೆ ಒಂದೇ ಚೂರು, ಇವಳಿಗೆ ಎರಡು. ನೀರೊಳಗೆ ಇವಳೇ ಎಲ್ರಿಗಿಂತ ಜೋರು. ಅವಳು ತಡ ಅಲ್ಲ ಸಾರ್, ಕೈ ತಡ."

ಮಗಳು ಟವೆಲ್ ಹೊದ್ದು ಎದುರಿಗೆ ನಿಂತಿದ್ದಳು. ಏನಂದರು ಅಂತ ನಮ್ಮ ಕೈಭಾಷೆಯಲ್ಲಿ ಕೇಳಿದಳು.

ಜಿಗಿತ ನಿಧಾನವಂತೆ, ಅಭ್ಯಾಸ ಮಾಡಬೇಕಂತೆ ಅಂದೆ.

"ನನ್ನ ಜಿಗಿತವಾ?"

ಹೌದು ಅಂದೆ. ಯಾಕೆ ಹಾಗೆ ಅಂದೆನೋ ಗೊತ್ತಿಲ್ಲ. ನನ್ನ ಕೈ ನನ್ನನ್ನು ಕೇಳದೆಯೇ ಅಷ್ಟು ಹೇಳಿಬಿಟ್ಟಿತು.

ಜೂನ್ 5, ಬುಧವಾರ

ಆಫೀಸು ಕಟ್ಟಡದ ನೆಲಮಾಳಿಗೆಯಲ್ಲಿ, ಪಂಪಿನ ಕೋಣೆಯಲ್ಲಿ, ವೈರಿಂಗ್ ಕೆಲಸದ ನಡುವೆ ನಾನು ಮತ್ತು ಅಲ್ಲಿನ ಪ್ಲಂಬರ್ ಊಟಕ್ಕೆ ಕೂತಿದ್ದೆವು. ನನ್ನ ಕೈ ಎಷ್ಟು ಚುರುಕು ಅಂತ ನೋಡಲು ಅವನಿಗೆ ಸ್ಟೀಲ್ ಸ್ಕೇಲ್ ಕೊಟ್ಟು, ನನ್ನ ಬೆರಳುಗಳ ನಡುವೆ ಹಿಡಿದು ಹೇಳದೆ ಬಿಡು, ನಾನು ಹಿಡಿಯುತ್ತೇನೆ ಅಂದೆ. ಮೊದಲ ಸಲ ಸ್ಕೇಲ್ ಜಾರಿ ಅನ್ನದ ಡಬ್ಬಿಗೆ ಬಿತ್ತು. ಎರಡನೆಯ ಸಲ ತುದಿಯಲ್ಲಿ ಸಿಕ್ಕಿತು. ನಾನು ಬಿಟ್ಟಾಗ ಅವನು ಅರ್ಧಕ್ಕೇ ಹಿಡಿದ.

"ವಯಸ್ಸಾಯ್ತು ಯಜಮಾನ್ರೇ. ಇನ್ನು ಲೈವ್ ವೈರ್ ಮುಟ್ಟೋ ಕೆಲಸ ನನಗೆ ಬಿಡಿ," ಅಂದ.

ನಕ್ಕೆ. ಡಬ್ಬಿ ಮುಚ್ಚಿದೆ. ಆರು ವರ್ಷದ ಹಿಂದೆಯೂ ಈ ಕೈ ತಡವೇ, ಈಗ ಇನ್ನೂ ತಡ.

ಜೂನ್ 8, ಶನಿವಾರ

ಬೆಳಿಗ್ಗೆ ಬೆಳಿಗ್ಗೆ ಮಗಳು ನನ್ನನ್ನು ಎಬ್ಬಿಸಿ ಕೊಳಕ್ಕೆ ಕರೆದುಕೊಂಡು ಹೋಗುತ್ತಿದ್ದಾಳೆ. ಈಜುವುದಕ್ಕಲ್ಲ, ಬರೀ ಜಿಗಿಯುವುದಕ್ಕೆ. ಕೈ ಎತ್ತು, ಇಳಿಸು. ಮೇಲೆ ಬಾ, ಬಗ್ಗು. ಮತ್ತೆ ಎತ್ತು, ಇಳಿಸು. ತಂಡದಲ್ಲಿ ಇನ್ನು ಉಳಿದಿರುವುದು ಒಂದೇ ಜಾಗ. ಜುಲೈ ಹದಿನಾಲ್ಕರ ಕೊನೆಯ ಆಯ್ಕೆಯಲ್ಲಿ ಮೊದಲು ಬಂದವಳಿಗೆ ಮಾತ್ರ ಅದು. ತಪ್ಪಿದರೆ ಈ ವಯಸ್ಸಿನ ಗುಂಪು ಮುಗಿಯಿತು. ತಂಡವಿಲ್ಲದವರಿಗೆ ಬೆಳಗಿನ ಲೇನೂ ಇಲ್ಲ. ರಜೆಯಲ್ಲಿ ಟ್ಯೂಬ್ ಕಟ್ಟಿಕೊಂಡು ಬರುವ ಮಕ್ಕಳ ಜೊತೆ ಈಜಬೇಕು, ಅಷ್ಟೇ.

ಅಭ್ಯಾಸದಲ್ಲಿ ಅವಳ ಜಿಗಿತ ನೋಡಿದರೆ ಕಣ್ಣು ತುಂಬುತ್ತದೆ. ಕೈ ಇಳಿಯುವುದೇ ತಡ, ಬ್ಲಾಕ್ ಖಾಲಿ. ಯಾಕೆ ಗೊತ್ತೇ? ಅಲ್ಲಿ ಹಾರ್ನ್ ಇಲ್ಲ. ನನ್ನ ಕೈಯೇ ಹಾರ್ನ್. ಅಲ್ಲಿ ನಾನು ತಡವಾಗುವುದಕ್ಕೆ ಸಾಧ್ಯವೇ ಇಲ್ಲ. ಇಷ್ಟು ವರ್ಷ ಇದನ್ನು ನೋಡಿಯೇ ನಾವು ಮೋಸ ಹೋದದ್ದು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಬಹಳ ಹೊತ್ತು ಯೋಚಿಸಿ ಕೇಳಿದಳು: "ಇಲ್ಲಿ ಸರಿಯಾಗಿ ಜಿಗಿತೀನಿ, ಸ್ಪರ್ಧೆ ದಿನ ಆಗಲ್ಲ. ಹಾಗಾದ್ರೆ ನನಗೆ ಭಯ, ಅಲ್ವಾ ಅಪ್ಪ?"

ಆಗ ಹೇಳಿಬಿಡಬೇಕಿತ್ತು. ಬಸ್ಸಿನಲ್ಲಿ ಅವಳ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ, ನನ್ನದೂ ತಿಳಿಯುತ್ತಿರಲಿಲ್ಲ. ನಾನು ಅವಳ ತಲೆ ಸವರಿದೆ. ಅದನ್ನು ಅವಳು ಹೌದು ಅಂತ ತೆಗೆದುಕೊಂಡಳು.

ಜೂನ್ 14, ಶುಕ್ರವಾರ

ಕೋಚ್ ಮೇಡಂ ಫೋನ್ ಮಾಡಿದ್ದರು. ಹಾರ್ನಿಗೆ ಒಂದು ಲ್ಯಾಂಪ್ ಜೋಡಿಸಬಹುದಂತೆ. ಅದನ್ನು ಬ್ಲಾಕಿನ ಕೆಳಗೆ ಅವಳ ಕಣ್ಣೆದುರೇ ಇಡುವುದು, ಹಾರ್ನ್ ಕೂಗಿದಾಗಲೇ ಅದೂ ಹತ್ತುತ್ತದೆ. ಬೇರೆ ಕಡೆ ಕಿವಿ ಕೇಳದವರು ಹೀಗೇ ಈಜುವುದಂತೆ. ಕತ್ತು ಓರೆ ಮಾಡುವುದೂ ತಪ್ಪುತ್ತದೆ.

"ಅವಳನ್ನ ಕೇಳಿ ಹೇಳಿ ಸಾರ್. ಈಜೋಳು ಒಪ್ಪಿದ್ರೆ ನಾನು ಕಮಿಟಿಯವ್ರ ಹತ್ರ ಮಾತಾಡ್ತೀನಿ."

ನಾನು ವೈರ್‌ಮ್ಯಾನ್. ಇಪ್ಪತ್ತಾರು ವರ್ಷದಿಂದ ಊರವರ ಮನೆಗೆಲ್ಲ ಲೈಟ್ ಹಾಕಿದ್ದೇನೆ. ನಮ್ಮ ಮನೆಯ ಕಾಲಿಂಗ್ ಬೆಲ್ ಒತ್ತಿದರೆ ಮಗಳ ಕೋಣೆಯಲ್ಲಿ ಬಲ್ಬ್ ಹತ್ತುವ ಹಾಗೆ ಮಾಡಿಕೊಟ್ಟವನೂ ನಾನೇ. ಆಗ ಅವಳಿಗೆ ನಾಲ್ಕು ವರ್ಷ. ಅವತ್ತೇ ನನಗೆ ಅವಳು ಹೆಸರಿಟ್ಟದ್ದು: ಸ್ಕ್ರೂಡ್ರೈವರ್ ತಿರುಗಿಸುವ ಹಾಗೆ ಮಣಿಕಟ್ಟು ತಿರುವಿದರೆ ಅದು ನಾನು. ಇಂಥವನಿಗೆ ಕೊಳದ ಪಕ್ಕ ಒಂದು ಬಲ್ಬ್ ಇಡಬಹುದು ಅಂತ ಆರು ವರ್ಷ ಹೊಳೆಯಲಿಲ್ಲ. ಹೊಳೆಯಲಿಲ್ಲವೋ, ಹೊಳೆಯುವುದು ನನಗೆ ಬೇಕಿರಲಿಲ್ಲವೋ?

ಜೂನ್ 15, ಶನಿವಾರ

ಅವಳಿಗೆ ಕೈಯೇ ಬೇಕಂತೆ, ಲ್ಯಾಂಪ್ ಬೇಡವಂತೆ ಅಂತ ಮೇಡಂಗೆ ಹೇಳಿದೆ.

ಅವಳನ್ನು ಕೇಳಿರಲಿಲ್ಲ.

ಜೂನ್ 20, ಗುರುವಾರ

ಬ್ಲಾಕಿನ ಅಂಚಿಗೆ ಉಜ್ಜಿ ಉಜ್ಜಿ ಮಗಳ ಹೆಬ್ಬೆರಳಿನ ಚರ್ಮ ಕಿತ್ತುಬಂದಿದೆ. ನನ್ನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಊರವರ ಗಾಯ ನೋಡಿ ನೋಡಿ ಮನೆಯವರ ಗಾಯಕ್ಕೆ ಅವಳು ಅಲುಗುವುದಿಲ್ಲ. ಇವತ್ತು ಮಾತ್ರ ಬ್ಯಾಂಡೇಜ್ ಸುತ್ತುತ್ತಾ ನನ್ನ ಮೇಲೆ ಹರಿಹಾಯ್ದಳು.

"ಏನ್ರೀ ಇದು, ಬೆರಳಾ ಇಲ್ಲಾ ತುರಿದ ಕ್ಯಾರೆಟ್ಟಾ? ಸಾಕು ಅಂತ ಹೇಳೋಕೆ ನಿಮಗೆ ಬಾಯಿಲ್ವಾ, ಕೈಯಿಲ್ವಾ?"

"ಅವಳೇ ಕೇಳಲ್ಲ."

"ಅವಳು ಯಾವತ್ತು ನಿಮ್ಮ ಮಾತು ಮೀರಿದಾಳೆ?"

ಮಗಳು ನಮ್ಮಿಬ್ಬರ ತುಟಿ ನೋಡುತ್ತಿದ್ದಳು. ಪರವಾಗಿಲ್ಲ, ನೋವಾದರೆ ಭಯ ಮರೆತುಹೋಗುತ್ತೆ ಅಂದಳು. ಹೆಂಡತಿಗೆ ಅದು ಧೈರ್ಯದ ಮಾತಾಗಿ ಕಂಡು ಮಗಳ ಹಣೆಗೆ ಮುತ್ತು ಕೊಟ್ಟಳು. ನಾನು ಫ್ಯೂಸ್ ನೋಡುವ ನೆಪ ಮಾಡಿಕೊಂಡು ಹೊರಗೆ ಹೋದೆ. ಫ್ಯೂಸ್ ಸರಿಯಾಗಿಯೇ ಇತ್ತು.

ಜೂನ್ 23, ಭಾನುವಾರ

ಒಂದು ಉಪಾಯ ಹೊಳೆದಿದೆ. ಸ್ಟಾರ್ಟರ್ ಯಾವಾಗಲೂ ಅದೇ ಹಳಬರು, ದಪ್ಪ ಮೀಸೆಯವರು. 'ಸಿದ್ಧ' ಅಂದ ಮೇಲೆ ಒಂದು ಉಸಿರು ಒಳಗೆಳೆದುಕೊಂಡು ಆಮೇಲೆ ಗುಂಡಿ ಒತ್ತುತ್ತಾರೆ. ಅವರ ಎದೆ ನೋಡಿಕೊಂಡು, ಹಾರ್ನಿಗೆ ಕಾಯದೆ ಕೈ ಇಳಿಸಿದರೆ ಆ ಒಂದು ಚೂರು ಉಳಿಯುತ್ತದೆ. ಯಾರಿಗೂ ಏನೂ ಹೇಳುವ ಅಗತ್ಯವೇ ಬೀಳುವುದಿಲ್ಲ. ಮುಂದಿನ ಭಾನುವಾರ ಕ್ಲಬ್ಬಿನ ಸ್ಪರ್ಧೆ ಇದೆ, ಅಲ್ಲಿ ಪ್ರಯತ್ನಿಸಬಹುದು. ಈ ತಿಂಗಳಲ್ಲಿ ಮೊದಲ ಸಲ ಚೆನ್ನಾಗಿ ನಿದ್ದೆ ಬರಬಹುದು ಅನ್ನಿಸುತ್ತಿದೆ.

ಜೂನ್ 30, ಭಾನುವಾರ

ಮೀಸೆಯವರು ಉಸಿರೆಳೆದುಕೊಂಡರು. ನಾನು ಕೈ ಇಳಿಸಿದೆ. ಅವರು ಗುಂಡಿ ಒತ್ತಲಿಲ್ಲ. ಆ ಕಡೆಯ ಲೇನಿನ ಹುಡುಗಿ ಅಲುಗಾಡಿದಳೆಂದು ತಡೆದರಂತೆ.

ಮಗಳು ಒಬ್ಬಳೇ ಜಿಗಿದಳು.

ಉಳಿದವರು ಬ್ಲಾಕಿನ ಮೇಲೆ ನೆಟ್ಟಗೆ ನಿಂತುಬಿಟ್ಟರು. ಸೀಟಿ ಊದಿದರು, ಮೈಕಿನಲ್ಲಿ ಕೂಗಿದರು. ಯಾರಿಗೆ ಕೂಗಿದರೋ. ಮುಂಚೆ ಜಿಗಿದವರನ್ನು ತಡೆಯಲು ನೀರಿಗೆ ಅಡ್ಡ ಹಗ್ಗ ಬಿಡುವವನು ಅದನ್ನು ಬಿಡುವಷ್ಟರಲ್ಲಿ ಅವಳು ದಾಟಿಹೋಗಿದ್ದಳು. ನಾನು ಅಂಚಿನಲ್ಲಿ ಓಡುತ್ತಾ ಎರಡೂ ಕೈ ಬೀಸಿದೆ. ಮುಖ ನೀರಿನಲ್ಲಿದ್ದವಳಿಗೆ ಕೈ ಹೇಗೆ ಕಾಣಬೇಕು? ಅಷ್ಟು ದೊಡ್ಡ ಕೊಳದಲ್ಲಿ ಅವಳೊಬ್ಬಳೇ, ಪೂರ್ತಿ ಐವತ್ತು ಮೀಟರ್, ಇದ್ದ ಬಲವನ್ನೆಲ್ಲ ಹಾಕಿ ಈಜಿದಳು. ನೀರಿನ ಸದ್ದು ಮಾತ್ರ ಕೇಳುತ್ತಿತ್ತು.

ಗೋಡೆ ಮುಟ್ಟಿ ತಿರುಗಿದಳು. ಅಕ್ಕಪಕ್ಕ ಯಾರೂ ಇಲ್ಲ. ಆಗ ಅವಳು ನಕ್ಕಳು. ಎಲ್ಲರನ್ನೂ ಅಷ್ಟು ಹಿಂದೆ ಹಾಕಿದೆ ಅಂದುಕೊಂಡು ನಕ್ಕಳು. ಆ ನಗು ಇದ್ದದ್ದು ಒಂದು ಗಳಿಗೆ. ಆಮೇಲೆ ಆ ಕಡೆ ಬ್ಲಾಕುಗಳ ಮೇಲೆ ನಿಂತಿದ್ದವರು ಕಂಡರು.

ಅನರ್ಹ ಅಂತ ಬರೆದರು. ಬಟ್ಟೆ ಬದಲಿಸುವ ಕೋಣೆಗೆ ಹೋಗುವಾಗ ತಲೆ ಬಗ್ಗಿಸಿಕೊಂಡು, ಎದುರಾದ ಪ್ರತಿಯೊಬ್ಬರಿಗೂ ಅವಳು ಕ್ಷಮೆ ಕೇಳುತ್ತಾ ಹೋದಳು. ಅಂಗೈ ಎದೆಯ ಮೇಲೆ ಸುತ್ತಿಸುತ್ತಾ. ಕೆಲವರಿಗೆ ಅದರ ಅರ್ಥವೇ ತಿಳಿಯಲಿಲ್ಲ.

ಒಬ್ಬರು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು, "ಪಾಪ, ನಿಮ್ಮ ಕಷ್ಟ ಯಾರಿಗೂ ಬೇಡ ಸಾರ್," ಅಂದರು. ನಾನು "ಏನ್ ಮಾಡೋದು ಸಾರ್" ಅಂದೆ.

ಜುಲೈ 1, ಸೋಮವಾರ

ಈಜು ಬಿಡುತ್ತೇನೆ ಅನ್ನುತ್ತಿದ್ದಾಳೆ. ಊಟ ಮಾಡಲಿಲ್ಲ.

ಜುಲೈ 2, ಮಂಗಳವಾರ

ಕೆಲಸಕ್ಕೆ ರಜೆ ಹಾಕಿದೆ. ಹೆಂಡತಿ ಡ್ಯೂಟಿಗೆ ಹೋಗಿದ್ದಳು. ಮಗಳು ಬಾಲ್ಕನಿಯಲ್ಲಿ ಈಜುಬಟ್ಟೆಗಳನ್ನೆಲ್ಲ ಮಡಿಸಿ ಚೀಲಕ್ಕೆ ತುಂಬುತ್ತಿದ್ದಳು, ಯಾರಿಗೋ ಕೊಟ್ಟುಬಿಡುವುದಕ್ಕೆ. ಎದುರು ಹೋಗಿ ಕೂತು ಹೇಳಿದೆ. ಕೋಚ್ ಮೇಡಂ ಅವತ್ತು ಹೇಳಿದ್ದು ಬೇರೆ. ತಡವಾದದ್ದು ನನ್ನ ಕೈ. ಮೊನ್ನೆ ಮುಂಚೆ ಇಳಿದದ್ದೂ ನನ್ನ ಕೈ, ಬೇಕೆಂದೇ ಇಳಿಸಿದ್ದು. ನೀನು ಕಂಡದ್ದಕ್ಕೆ ಸರಿಯಾಗಿ ಜಿಗಿದೆ. ನಿನ್ನದು ಒಂದು ತಪ್ಪೂ ಇಲ್ಲ.

ಬಾಯಲ್ಲಾದರೆ ನೆಲ ನೋಡಿಕೊಂಡು ಹೇಳಬಹುದು. ಅವಳ ಭಾಷೆಯಲ್ಲಿ ಮುಖಕ್ಕೆ ಮುಖ ಕೊಟ್ಟೇ ಹೇಳಬೇಕು. ಒಂದೆರಡು ಮಾತು ಕೈಯಲ್ಲೇ ತೊದಲಿತು. ಮತ್ತೆ ಹೇಳು ಅಂದಳು. ಮತ್ತೆ ಹೇಳಿದೆ.

"ಹಾಗಾದ್ರೆ ನನಗೆ ಭಯ ಇರಲಿಲ್ವಾ?"

"ಇಲ್ಲ."

"ಯಾವತ್ತೂ?"

"ಯಾವತ್ತೂ ಇರಲಿಲ್ಲ."

ಅವಳು ಎದ್ದು ಗೋಡೆಯ ಕಡೆ ತಿರುಗಿ ನಿಂತಳು. ಕಿವಿ ಕೇಳುವವರ ಜೊತೆ ಜಗಳವಾದರೆ ಬೆನ್ನಿಗಾದರೂ ನಾಲ್ಕು ಮಾತು ಹೇಳಬಹುದು. ಅವಳು ಬೆನ್ನು ತಿರುಗಿಸಿದರೆ ಮುಗಿಯಿತು. ಭುಜ ಮುಟ್ಟುವ ಧೈರ್ಯವಾಗಲಿಲ್ಲ.

ಜುಲೈ 4, ಗುರುವಾರ

ಅವಳು ಒಬ್ಬಳೇ ಕೋಚ್ ಮೇಡಂ ಹತ್ತಿರ ಹೋಗಿಬಂದಳು. ಫೋನಿನಲ್ಲಿ ಬರೆದು ತೋರಿಸಿ ಮಾತಾಡಿದಳಂತೆ. ಇಷ್ಟು ವರ್ಷ ನಾನಿಲ್ಲದೆ ಯಾರ ಜೊತೆಗೂ ಮಾತಾಡಲಾರಳು ಅಂದುಕೊಂಡಿದ್ದೆ. ಬಂದವಳೇ ಚಪ್ಪಲಿಯನ್ನೂ ಬಿಡದೆ ನನ್ನೆದುರು ನಿಂತಳು.

"ಲ್ಯಾಂಪ್ ಬೇಡ ಅಂತ ನಾನು ಯಾವಾಗ ಹೇಳಿದೆ?"

ಮೊನ್ನೆ ಎಲ್ಲ ಹೇಳಿಬಿಟ್ಟೆ ಅಂದುಕೊಂಡಿದ್ದೆ. ಇದೊಂದನ್ನು ಹೇಳಿರಲಿಲ್ಲ. ಮರೆತಿರಲಿಲ್ಲ, ಹೇಳಿರಲಿಲ್ಲ.

"ಕೈ ತಡ ಆಯ್ತು, ಅದು ಯಾರಿಗಾದ್ರೂ ಆಗುತ್ತೆ. ಆದ್ರೆ ನನ್ನ ಹೆಸರಲ್ಲಿ ನೀನು ಮಾತಾಡಿದೆ. ಇನ್ನೂ ಎಷ್ಟು ಸಲ ಹೀಗೆ ಮಾಡಿದೀಯ?"

ಎಷ್ಟು ಸಲವೋ. ಅಂಗಡಿಯಲ್ಲಿ, ಶಾಲೆಯಲ್ಲಿ, ಡಾಕ್ಟರ ಮುಂದೆ. ಬೇಜಾರಾದೀತು ಅಂತ ಬಿಟ್ಟದ್ದು, ಹೊತ್ತಾಯಿತು ಅಂತ ಮೊಟಕು ಮಾಡಿದ್ದು, ಅವಳಿಗೆ ಇದು ಸಾಕು ಅಂತ ನಾನೇ ತೀರ್ಮಾನ ಮಾಡಿದ್ದು. ಗೊತ್ತಿಲ್ಲ ಅಂದೆ. ಅದು ನಿಜ.

ಜುಲೈ 7, ಭಾನುವಾರ

ಮಗಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಹೆಂಡತಿಗೂ ವಿಷಯ ತಿಳಿಯಿತು. ಬೈಯುತ್ತಾಳೆ ಅಂತ ಕಾದೆ. ಅವಳು ಶೋಕೇಸಿನ ಗಾಜು ಒರೆಸುತ್ತಾ ಆ ಪತ್ರಿಕೆಯ ತುಂಡನ್ನು ಬಿಟ್ಟು ಸುತ್ತಲೂ ಒರೆಸಿದಳು. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು. ನಾನೇ ಕಿತ್ತು ಹಾಕಿದೆ. ಅಂಟು ಮಾತ್ರ ಹೋಗಲಿಲ್ಲ.

ಮಗಳು ಬೆಳಿಗ್ಗೆ ತಾನೇ ಎದ್ದು ಕೊಳಕ್ಕೆ ಹೋಗುತ್ತಿದ್ದಾಳೆ. ಎಚ್ಚರವಾದರೂ ನಾನು ಮಲಗಿದ ಹಾಗೆ ಇರುತ್ತೇನೆ. ಅಭ್ಯಾಸಕ್ಕೆ ಲ್ಯಾಂಪ್ ಜೋಡಿಸಿದ್ದಾರಂತೆ, ಕೊಳದ ಕಡೆಯ ವೈರ್‌ಮ್ಯಾನನ್ನು ಕರೆಸಿ. ಮನೆಯಲ್ಲೇ ಒಬ್ಬನನ್ನು ಇಟ್ಟುಕೊಂಡು.

ಜುಲೈ 11, ಗುರುವಾರ

ಸಂಜೆ ಅವಳು ಒಂದು ಡಬ್ಬಿ ತಂದು ನನ್ನ ಮುಂದಿಟ್ಟಳು. ಅದೇ ಲ್ಯಾಂಪ್.

"ಒಂದೊಂದು ಸಲ ಹತ್ತಲ್ಲ. ನೋಡು."

ನಾನು ಏನೋ ಹೇಳಲು ಕೈ ಎತ್ತಿದೆ. ಅವಳು ಬೇಡ ಅಂತ ತಲೆಯಾಡಿಸಿದಳು. ಕೆಲಸ ಮಾತ್ರ.

ಬಿಚ್ಚಿ ನೋಡಿದರೆ ಸಾಲ್ಡರಿಂಗ್ ಬಿಟ್ಟುಕೊಂಡಿತ್ತು, ಒಂದು ವೈರು ಸುಮ್ಮನೆ ತಾಗಿಕೊಂಡಿತ್ತು ಅಷ್ಟೇ. ಸಾಲ್ಡರ್ ಹಾಕಿ, ವೈರು ಎಳೆದರೂ ಕೀಳದ ಹಾಗೆ ಕ್ಲಿಪ್ ಕೊಟ್ಟು, ನೀರು ಚಿಮ್ಮಿದರೂ ಒಳಗೆ ಹೋಗದ ಹಾಗೆ ರಬ್ಬರ್ ಕೂರಿಸಿದೆ. ಅವಳು ಮೇಜಿನ ಆ ಕಡೆ ಗಲ್ಲಕ್ಕೆ ಕೈ ಕೊಟ್ಟು ನೋಡುತ್ತಿದ್ದಳು. ಚಿಕ್ಕವಳಿದ್ದಾಗಲೂ ಹೀಗೇ ಕೂರುತ್ತಿದ್ದಳು. ಗುಂಡಿ ಒತ್ತಿದೆ, ಹತ್ತಿತು. ಮತ್ತೆ ಒತ್ತಿದೆ, ಹತ್ತಿತು. ಅವಳೂ ಒತ್ತಿ ನೋಡಿದಳು, ಎರಡೆರಡು ಸಲ.

ಎಲ್ಲ ಸೇರಿ ಅರ್ಧ ಗಂಟೆಯ ಕೆಲಸ. ಮೊದಲಿನಿಂದ ಮಾಡಿದ್ದರೂ ಒಂದು ಮಧ್ಯಾಹ್ನ ಸಾಕಿತ್ತು. ಇದನ್ನು ಬರೆಯುವುದಕ್ಕೇ ನಾಚಿಕೆಯಾಗುತ್ತಿದೆ.

ಡಬ್ಬಿ ಎತ್ತಿಕೊಂಡು ಹೋಗುವಾಗ ಬಾಗಿಲಲ್ಲಿ ತಿರುಗಿ, "ಭಾನುವಾರ ಬಾ. ಮೇಲೆ ಗ್ಯಾಲರಿಯಲ್ಲಿ ಕೂತ್ಕೋ. ಕೆಳಗೆ ಬರಬೇಡ," ಅಂದಳು.

ಜುಲೈ 14, ಭಾನುವಾರ

ಅವಳು ಮೊದಲು ಬಂದಳು. ಇದನ್ನು ಮೊದಲೇ ಬರೆದುಬಿಡುತ್ತೇನೆ.

ಗ್ಯಾಲರಿಯ ನಡುವಿನ ಸಾಲಿನಲ್ಲಿ ನಾನು, ಹೆಂಡತಿ. ಅಲ್ಲಿಂದ ನಾನು ಯಾವತ್ತೂ ಕೊಳ ನೋಡಿರಲಿಲ್ಲ. ಅವಳು ಬ್ಲಾಕ್ ಹತ್ತಿದಳು. ಬಗ್ಗಿದಳು. ಕತ್ತು ಓರೆ ಮಾಡಲಿಲ್ಲ, ಉಳಿದವರ ಹಾಗೆಯೇ ತಲೆ ನೇರ ಕೆಳಗೆ. ಅಷ್ಟು ಜನರ ನಡುವೆ ಯಾರು ಕಿವಿ ಕೇಳದವಳು ಅಂತ ಹೊಸಬರಿಗೆ ಗೊತ್ತೇ ಆಗುತ್ತಿರಲಿಲ್ಲ.

ಮೀಸೆಯವರು 'ಸಿದ್ಧ' ಅಂದರು. ನನಗೆ ತಿಳಿಯದೆಯೇ ನನ್ನ ಬಲಗೈ ಮೇಲೆ ಹೋಗಿತ್ತು. ಹಿಂದಿನವರು "ಕೈ ಇಳಿಸ್ರೀ, ಕಾಣಲ್ಲ," ಅಂದರು. ಅಷ್ಟರಲ್ಲಿ ಹಾರ್ನ್ ಕೂಗಿತು. ನಾನು ಕೈ ಇಳಿಸಿದೆ, ಯಾವಾಗಿನ ಹಾಗೆ ಕೂಡಲೇ, ಒಂದಿಷ್ಟೂ ತಡಮಾಡದೆ. ನನ್ನ ಕೈ ಮೊಣಕಾಲಿಗೆ ಬರುವ ಮೊದಲೇ ಅವಳು ಬ್ಲಾಕಿನ ಮೇಲಿರಲಿಲ್ಲ.

ವಿಡಿಯೋದಲ್ಲಿ ನೋಡಿದಾಗ ನನಗೆ ಪೂರ್ತಿ ನಂಬಿಕೆ ಬಂದಿರಲಿಲ್ಲ ಅಂತ ಈಗ ಒಪ್ಪಿಕೊಳ್ಳುತ್ತೇನೆ. ಇವತ್ತು ಕಣ್ಣಾರೆ ಕಂಡೆ. ಆ ಚೂರು ಎಷ್ಟು ದೊಡ್ಡದು ಅಂತ. ಪ್ರತಿ ಸ್ಪರ್ಧೆಯಲ್ಲೂ ಅಷ್ಟು ಹೊತ್ತು ಅವಳನ್ನು ನಾನು ಅಲ್ಲೇ ಹಿಡಿದು ನಿಲ್ಲಿಸಿದ್ದೆ, ಆಮೇಲೆ ಚಪ್ಪಾಳೆಯಲ್ಲಿ ಪಾಲು ತೆಗೆದುಕೊಂಡಿದ್ದೆ. ಹೆಂಡತಿ ಎದ್ದು ನಿಂತು ಕೂಗುತ್ತಿದ್ದಳು. ಮಗಳು ಗೋಡೆ ಮುಟ್ಟಿದ್ದು ನೀರು ತುಂಬಿದ ನನ್ನ ಕಣ್ಣಿಗೆ ಸರಿಯಾಗಿ ಕಾಣಲೂ ಇಲ್ಲ.

ಮಗಳು ಟವೆಲ್ ಸುತ್ತಿಕೊಂಡು ಮೆಟ್ಟಿಲು ಹತ್ತಿ ಮೇಲೆ ಬಂದಳು. ಅಮ್ಮನನ್ನು ತಬ್ಬಿಕೊಂಡಳು. ಅದೇ ಹೊತ್ತಿಗೆ ಆಯ್ಕೆ ಸಮಿತಿಯ ಹಿರಿಯರೊಬ್ಬರು ನಮ್ಮ ಸಾಲಿಗೇ ಬಂದು ನನ್ನ ಕೈ ಹಿಡಿದು ಕುಲುಕಿದರು.

"ಏನ್ ಸಾರ್ ಇದು. ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ರಿ ಇವಳನ್ನ?"

ಹೊಗಳಿಕೆಯ ಮಾತು ಅದು. ನಗುತ್ತಲೇ ಅಂದರು, ನಗುತ್ತಲೇ ಇಳಿದು ಹೋದರು. ನಾನೂ ನಕ್ಕೆ ಅಂತ ಕಾಣುತ್ತದೆ.

ಅವರು ಏನಂದರು ಅಂತ ಮಗಳು ಕೇಳಿದಳು. ಈ ಹನ್ನೆರಡು ದಿನದಲ್ಲಿ ಅವಳು ನನ್ನನ್ನು ಹೀಗೆ ಕೇಳಿದ್ದು ಇದೇ ಮೊದಲು. ತುಂಬಾ ಚೆನ್ನಾಗಿ ಈಜಿದೆ ಅಂದರು ಅಂತ ಹೇಳಿದ್ದರೆ ಸುಳ್ಳೂ ಆಗುತ್ತಿರಲಿಲ್ಲ. ಅವರು ಅಂದದ್ದನ್ನು ಅಂದ ಹಾಗೆಯೇ, ಒಂದು ಮಾತೂ ಬಿಡದೆ ಹೇಳಿದೆ.

ಅವಳು ನನ್ನ ಕೈ ನಿಲ್ಲುವವರೆಗೂ ನೋಡಿದಳು.

"ನೀನು ಏನಂದೆ?"

"ಏನೂ ಅನ್ನಲಿಲ್ಲ."

"ಹೇಳಬೇಕಿತ್ತು," ಅಂದಳು. ಒದ್ದೆ ಕೂದಲು ಹಿಂಡಿಕೊಂಡು ಬಟ್ಟೆ ಬದಲಿಸಲು ಹೋದಳು.

ನಾನು ಕೆಳಗೆ ಹೋದೆ. ಸಮಿತಿಯವರ ಕೋಣೆಯಲ್ಲಿ ಆ ಹಿರಿಯರು ಕಾಫಿ ಕುಡಿಯುತ್ತಾ ಕೂತಿದ್ದರು. ಜೊತೆಗೆ ಇನ್ನೂ ನಾಲ್ಕೈದು ಜನ ಇದ್ದರು, ಮೀಸೆಯವರೂ ಇದ್ದರು. ಬಾಗಿಲಲ್ಲೇ ನಿಂತು, "ಸಾರ್, ಇಷ್ಟು ವರ್ಷ ಅವಳು ಇಲ್ಲೇ ಇದ್ಲು. ತಡ ಆಗ್ತಿದ್ದದ್ದು ನನ್ನ ಕೈ. ಅವಳದೇನೂ ತಪ್ಪಿಲ್ಲ," ಅಂದೆ. ಅವರಿಗೆ ಅರ್ಥವಾದ ಹಾಗೆ ಕಾಣಲಿಲ್ಲ. ಕುರ್ಚಿ ತೋರಿಸಿದರು, ನಾನು ನಿಂತುಕೊಂಡೇ ಮೊದಲಿನಿಂದ ಹೇಳಿದೆ.